ಮಗಳ ಮೊದಲ ಫಿಲ್ಮ್ ಕ್ಯಾಮೆರಾ: ಯಾವುದನ್ನು ಕೊಳ್ಳಬೇಕು, ಹೇಗೆ ಪರೀಕ್ಷಿಸಬೇಕು?

ಪ್ರಶ್ನೆ: ನಾವು ಶಿವಮೊಗ್ಗದವರು. ಪಿಯುಸಿ ಓದುತ್ತಿರುವ ನನ್ನ ಮಗಳಿಗೆ ಈಗ 16 ವರ್ಷ. ಮೊಬೈಲಿನಲ್ಲಿ ಚೆನ್ನಾಗಿಯೇ ಚಿತ್ರ ತೆಗೆಯುತ್ತಿದ್ದವಳು ಈಗ ಫಿಲ್ಮ್ ಕ್ಯಾಮೆರಾ ಬೇಕೆಂದು ಕೇಳುತ್ತಿದ್ದಾಳೆ. ಮನೆಯಲ್ಲಿ ನಮ್ಮ ತಂದೆಯವರ ಯಾಶಿಕಾ ಎಂಎಫ್-2 ಇದೆ. ಅದೇ ಸಾಲದೇ? ಅಂಗಡಿಯವರೊಬ್ಬರು ಕ್ಯಾನನ್ ಎಇ-1 ತೆಗೆದುಕೊಳ್ಳಿ ಎನ್ನುತ್ತಾರೆ. ನನ್ನ ಭಾವಮೈದುನ ಅದೇ ಹಣಕ್ಕೆ ಡಿಜಿಟಲ್ ಕೊಡಿಸಿ ಎನ್ನುತ್ತಾನೆ. ಇದಕ್ಕೆಂದು 20 ಸಾವಿರ ರೂಪಾಯಿ ತೆಗೆದಿರಿಸಿದ್ದೇನೆ. ಯಾವ ಕ್ಯಾಮೆರಾ ಕೊಳ್ಳಲಿ, ಕೊಳ್ಳುವಾಗ ಏನೇನು ನೋಡಲಿ?

ಉತ್ತರ: ಬೆಳಕಿನ ಮೀಟರ್ ಒಂದನ್ನು ಬಿಟ್ಟು ಉಳಿದೆಲ್ಲ ಕೆಲಸವೂ ಬ್ಯಾಟರಿಯ ಹಂಗಿಲ್ಲದೆ ನಡೆಯುವ, ಫೋಕಸ್, ಅಪರ್ಚರ್ ಮತ್ತು ಶಟರ್ ವೇಗ ಮೂರನ್ನೂ ಕೈಯಿಂದಲೇ ಹೊಂದಿಸಬೇಕಾದ 35 ಎಂಎಂ ಎಸ್‌ಎಲ್‌ಆರ್ ಕ್ಯಾಮೆರಾ (ಲೆನ್ಸಿನ ಮೂಲಕವೇ ದೃಶ್ಯ ನೋಡುವಂಥದ್ದು), ಅದರ ಜೊತೆಗೆ ಒಂದು 50 ಎಂಎಂ ಲೆನ್ಸ್, ಇಷ್ಟು ನಿಮ್ಮ ಮಗಳಿಗೆ ಸೂಕ್ತ. ಅಪರ್ಚರ್ ಎಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಶಟರ್ ವೇಗ ಎಂದರೆ ಆ ಬೆಳಕು ಫಿಲ್ಮಿಗೆ ಬೀಳುವ ಹೊತ್ತು. ಹೆಸರು ಹೇಳಲೇಬೇಕೆಂದರೆ ಪೆಂಟಾಕ್ಸ್ ಕೆ1000 ಅಥವಾ ನಿಕಾನ್ ಎಫ್‌ಎಂ10. ಆದರೆ ಹೆಸರಿಗಿಂತ ಮುಖ್ಯವಾದ ಎರಡು ಸಂಗತಿಗಳಿವೆ. ಇವೆಲ್ಲ ಈಗ ಸೆಕೆಂಡ್ ಹ್ಯಾಂಡ್ ಆಗಿಯೇ ಸಿಗುವ ಕ್ಯಾಮೆರಾಗಳಾದ್ದರಿಂದ, ಮಾಡೆಲ್ ಯಾವುದು ಎಂಬುದಕ್ಕಿಂತ ನಿಮ್ಮ ಕೈಗೆ ಬರುವ ಆ ಒಂದು ಕ್ಯಾಮೆರಾ ಯಾವ ಸ್ಥಿತಿಯಲ್ಲಿದೆ ಎಂಬುದೇ ನಿರ್ಣಾಯಕ. ಎರಡನೆಯದು, 20 ಸಾವಿರವನ್ನೂ ಕ್ಯಾಮೆರಾಕ್ಕೇ ಹಾಕಬೇಡಿ. 12 ಸಾವಿರದ ಆಸುಪಾಸಿನಲ್ಲಿ ಕ್ಯಾಮೆರಾ ಮುಗಿಸಿ, ಉಳಿದದ್ದನ್ನು ಫಿಲ್ಮಿಗೆಂದೇ ಬೇರೆ ಎತ್ತಿಡಿ.

ಹಣದ ಲೆಕ್ಕವನ್ನು ಮೊದಲು ಎತ್ತುವುದಕ್ಕೆ ಕಾರಣವಿದೆ. ಕ್ಯಾಮೆರಾ ಕೊಂಡ ಮೇಲೆ ಫಿಲ್ಮಿನ ಖರ್ಚು ನೋಡಿ ಗಾಬರಿಯಾಗುವುದು, ಕುದುರೆ ಕೊಂಡ ಮೇಲೆ ಹುಲ್ಲಿನ ಬೆಲೆ ವಿಚಾರಿಸಿದಂತೆ. ಇವತ್ತು 36 ಚಿತ್ರಗಳ ಒಂದು ಸಾಧಾರಣ ಕಲರ್ ರೋಲ್ ಕೊಂಡು, ತೊಳೆಸಿ, ಸ್ಕ್ಯಾನ್ ಮಾಡಿಸುವಷ್ಟರಲ್ಲಿ ಸಾವಿರ ರೂಪಾಯಿ ದಾಟುತ್ತದೆ. 1,250 ರೂಪಾಯಿ ಎಂದಿಟ್ಟುಕೊಂಡರೆ ಒಂದು ಚಿತ್ರಕ್ಕೆ ಸುಮಾರು 35 ರೂಪಾಯಿ. ನೀವು ಎತ್ತಿಟ್ಟ 8 ಸಾವಿರದಲ್ಲಿ ಆರು ರೋಲು, ಅಂದರೆ ಇನ್ನೂರು ಚಿಲ್ಲರೆ ಚಿತ್ರಗಳು. ತಿಂಗಳಿಗೊಂದು ರೋಲಿನಂತೆ ಆರು ತಿಂಗಳು ತಡೆಬಿಡದೆ ಕಲಿಯಲು ಅಷ್ಟು ಸಾಕು. ಅದೇ 20 ಸಾವಿರಕ್ಕೆ ಒಳ್ಳೆಯ ಹೆಸರಿನ ಕ್ಯಾಮೆರಾ ತಂದು ಫಿಲ್ಮಿಗೆ ಕೈ ಬಿಗಿಹಿಡಿದರೆ, ಮೂರನೆಯ ತಿಂಗಳಿಗೆ ಅದು ಬೀರು ಸೇರುತ್ತದೆ. ಮಕ್ಕಳ ಕೈಯಲ್ಲಿ ಒಂದಾದ ಮೇಲೊಂದು ರೋಲು ಓಡುತ್ತಿರಬೇಕು. ಮೊದಲ ರೋಲಿನಲ್ಲಿ ಆದ ತಪ್ಪು ಮರೆಯುವುದರೊಳಗೆ ಎರಡನೆಯ ರೋಲು ಕ್ಯಾಮೆರಾದೊಳಗೆ ಇರಬೇಕು. ಕಲಿಕೆ ನಡೆಯುವುದು ಹಾಗೆಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಮ್ಮ ಭಾವಮೈದುನ ಹೇಳುವುದರಲ್ಲಿಯೂ ಹುರುಳಿದೆ. ಹಕ್ಕಿ, ಆಟೋಟ, ವೇದಿಕೆಯ ನೃತ್ಯ ಇಂಥವೇ ಮಗಳ ಆಸಕ್ತಿಯಾಗಿದ್ದರೆ ನಾನೂ ಡಿಜಿಟಲ್ ಎಂದೇ ಹೇಳುತ್ತಿದ್ದೆ. ಅಲ್ಲಿ ನೂರಾರು ಚಿತ್ರ ತೆಗೆದು ಒಂದನ್ನು ಆರಿಸಬೇಕಾಗುತ್ತದೆ. ಆದರೆ ಅವಳ ಬಳಿ ಈಗಾಗಲೇ ಮೊಬೈಲ್ ಇದೆ, ಅದರಲ್ಲಿ ಅವಳು ಕಣ್ಣನ್ನು ಪಳಗಿಸಿಕೊಂಡಿದ್ದಾಳೆ, ಮತ್ತು ಫಿಲ್ಮ್ ಬೇಕೆಂದು ತಾನಾಗಿಯೇ ಕೇಳುತ್ತಿದ್ದಾಳೆ. ಹದಿನಾರರ ವಯಸ್ಸಿನಲ್ಲಿ ಮಕ್ಕಳು ನಿಧಾನವಾದ, ಕೈಕೆಲಸದ ವಿದ್ಯೆಯೊಂದನ್ನು ಬಯಸುವುದು ಸಂತೋಷದ ಸಂಗತಿ. ಅದನ್ನು ಬೇರೆ ಕಡೆಗೆ ತಿರುಗಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಇನ್ನು ಎಂಎಫ್-2. ಎಂಬತ್ತು, ತೊಂಬತ್ತರ ದಶಕಗಳಲ್ಲಿ ನಮ್ಮ ಎಷ್ಟೋ ಮನೆಗಳ ಮದುವೆ, ನಾಮಕರಣ, ಧರ್ಮಸ್ಥಳ-ಕೊಲ್ಲೂರು ಪ್ರವಾಸದ ಆಲ್ಬಂಗಳು ಆ ಕ್ಯಾಮೆರಾದಲ್ಲಿಯೇ ಆದವು. ಅದರ ಲೆನ್ಸಿನ ಫೋಕಸ್ ಸ್ಥಿರವಾದದ್ದು, ತಿರುಗಿಸುವ ಉಂಗುರವೇ ಇಲ್ಲ. ಶಟರ್ ವೇಗ ಬದಲಿಸುವ ಅವಕಾಶವಿಲ್ಲ. ಬೆಳಕು ಕಡಿಮೆಯಾದರೆ ಫ್ಲಾಶ್ ಎತ್ತಬೇಕು, ಅಷ್ಟೆ. ಮನೆಯವರೆಲ್ಲ ಸುಲಭವಾಗಿ ಬಳಸಲೆಂದೇ ಹಾಗೆ ಮಾಡಿದ್ದು, ಆ ಉದ್ದೇಶಕ್ಕೆ ಅದು ಒಳ್ಳೆಯ ಕ್ಯಾಮೆರಾ. ಆದರೆ ಹಿನ್ನೆಲೆ ಏಕೆ ಮಸುಕಾಯಿತು, ಓಡುವ ಮಗು ಏಕೆ ಅಲುಗಿದಂತೆ ಬಂತು, ಕಿಟಕಿಯ ಪಕ್ಕ ಕೂತ ಅಜ್ಜಿಯ ಮುಖ ಏಕೆ ಕಪ್ಪಾಯಿತು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಳ್ಳಲು ಬೇಕಾದ ಹಿಡಿತ ಅದರಲ್ಲಿ ಸಿಗುವುದಿಲ್ಲ. ಹಾಗಾಗಿ ಕಲಿಕೆಯ ಕ್ಯಾಮೆರಾ ಅದಾಗಲಾರದು. ಸೆಲ್ ಹಾಕಿ ಫ್ಲಾಶ್ ಚಾರ್ಜ್ ಆಗುತ್ತದೆಯೇ, ಹಿಂದಿನ ಬಾಗಿಲು ಬಿಗಿಯಾಗಿ ಮುಚ್ಚುತ್ತದೆಯೇ ನೋಡಿ. ಸರಿಯಿದ್ದರೆ ಮನೆಯ ಹಬ್ಬದ ದಿನ ಒಂದು ರೋಲು ಹಾಕಿಕೊಡಿ. ಒಂದು ಎಚ್ಚರಿಕೆ: ಕೆಟ್ಟಿದೆಯೆಂದು ಯಾರೂ ಮನೆಯಲ್ಲಿ ಅದನ್ನು ಬಿಚ್ಚಬಾರದು. ಫ್ಲಾಶ್ ಇರುವ ಕ್ಯಾಮೆರಾಗಳ ಒಳಗಿನ ಕೆಪಾಸಿಟರ್, ಸೆಲ್ ತೆಗೆದ ಮೇಲೂ ಅಪಾಯಕಾರಿ ಶಾಕ್ ಕೊಡಬಲ್ಲದು.

ಕ್ಯಾನನ್ ಎಇ-1 ಬಗ್ಗೆ ಅಂಗಡಿಯವರು ಹೇಳಿದ್ದು ಪೂರ್ತಿ ತಪ್ಪೇನಲ್ಲ. 1976ರಲ್ಲಿ ಬಂದ ಆ ಕ್ಯಾಮೆರಾ ಲಕ್ಷಾಂತರ ಜನರನ್ನು ಛಾಯಾಗ್ರಹಣಕ್ಕೆ ಎಳೆದು ತಂದಿತು, ಅದರ ಲೆನ್ಸುಗಳೂ ಚೆನ್ನಾಗಿವೆ. ಆದರೆ ಅದರ ಶಟರ್ ನಡೆಯುವುದು ವಿದ್ಯುತ್ತಿನಿಂದ. 6 ವೋಲ್ಟಿನ 4ಎಲ್‌ಆರ್44 ಬ್ಯಾಟರಿ ಮುಗಿದರೆ ಕ್ಯಾಮೆರಾ ಅಲ್ಲಿಗೆ ನಿಂತಿತು, ಆ ಬ್ಯಾಟರಿ ಎಲ್ಲ ಊರಿನ ಅಂಗಡಿಗಳಲ್ಲಿ ಸಿಗುವಂಥದ್ದೂ ಅಲ್ಲ. ನೀವು ಶಟರ್ ವೇಗ ಆರಿಸಿದರೆ ಅಪರ್ಚರನ್ನು ಕ್ಯಾಮೆರಾವೇ ಆರಿಸುತ್ತದೆ. ಎರಡನ್ನೂ ನಾವೇ ಹೊಂದಿಸುತ್ತೇವೆಂದರೆ, ನಾವಿಟ್ಟಿರುವ ಅಪರ್ಚರ್ ಸರಿಯೋ ತಪ್ಪೋ ಎಂಬುದನ್ನು ವ್ಯೂಫೈಂಡರಿನ (ಕಣ್ಣಿಟ್ಟು ನೋಡುವ ಕಿಂಡಿಯ) ಮುಳ್ಳು ತಿಳಿಸುವುದಿಲ್ಲ. ಒಳಗಿನ ಎಣ್ಣೆ ಒಣಗಿ, ಕ್ಲಿಕ್ ಮಾಡಿದಾಗ ಕೆಮ್ಮಿದಂತೆ ಕೀರಲು ಸದ್ದು ಬರುವುದು ಈ ಸರಣಿಯ ಹಳೆಯ ಕಾಯಿಲೆ. ಜನಪ್ರಿಯತೆಯಿಂದಾಗಿ ಬೆಲೆಯೂ ಏರಿ ಕೂತಿದೆ. ನಾನಾಗಿದ್ದರೆ ಮೊದಲ ಕ್ಯಾಮೆರಾವಾಗಿ ಅದನ್ನು ಆರಿಸುವುದಿಲ್ಲ.

ಪೆಂಟಾಕ್ಸ್ ಕೆ1000 ಹುಟ್ಟಿದ್ದೂ 1976ರಲ್ಲಿಯೇ. 1997ರವರೆಗೆ ಹೆಚ್ಚು ಬದಲಾವಣೆಯಿಲ್ಲದೆ ತಯಾರಾದ ಅದನ್ನು ಅನೇಕ ದೇಶಗಳ ಛಾಯಾಗ್ರಹಣ ತರಗತಿಗಳಲ್ಲಿ ವಿದ್ಯಾರ್ಥಿಗಳ ಕೈಗೆ ಕೊಡುತ್ತಿದ್ದರು. ಸೆಲ್ಫ್ ಟೈಮರ್ ಕೂಡ ಇಲ್ಲದಷ್ಟು ಸರಳವಾದ ಯಂತ್ರ ಅದು. ಮೇಲೆ ಒಂದು ಸೆಕೆಂಡಿನಿಂದ 1/1000ದವರೆಗೆ ಶಟರ್ ವೇಗದ ಗುಂಡಿ, ಲೆನ್ಸಿನ ಮೇಲೆ ಅಪರ್ಚರ್ ಉಂಗುರ, ಮುಂದೆ ಫೋಕಸ್ ಉಂಗುರ. ವ್ಯೂಫೈಂಡರಿನ ಬಲಬದಿಯಲ್ಲಿ ಒಂದು ಮುಳ್ಳು: ಬೆಳಕು ಹೆಚ್ಚಾದರೆ ಮೇಲೇರುತ್ತದೆ, ಕಡಿಮೆಯಾದರೆ ಕೆಳಗಿಳಿಯುತ್ತದೆ, ಸರಿಯಾದಾಗ ನಡುವೆ ನಿಲ್ಲುತ್ತದೆ. ಅಪರ್ಚರ್ ಉಂಗುರವನ್ನು ಒಂದು ಹೆಜ್ಜೆ ಮುಚ್ಚಿದೊಡನೆ ಮುಳ್ಳು ಇಳಿಯುವುದು, ಶಟರ್ ವೇಗವನ್ನು ಒಂದು ಹೆಜ್ಜೆ ನಿಧಾನ ಮಾಡಿದೊಡನೆ ಅದು ಮತ್ತೆ ನಡುವಿಗೆ ಬರುವುದು ಕಣ್ಣಿಗೇ ಕಾಣುತ್ತದೆ. ಎಕ್ಸ್‌ಪೋಷರ್ (ಫಿಲ್ಮಿಗೆ ಎಷ್ಟು ಬೆಳಕು ಕೊಡಬೇಕು) ಎಂಬ ಪಾಠವನ್ನು ಇದಕ್ಕಿಂತ ಸ್ಪಷ್ಟವಾಗಿ ಕಲಿಸುವ ಸಾಧನವನ್ನು ನಾನು ಕಂಡಿಲ್ಲ. ಬ್ಯಾಟರಿ ಮುಗಿದರೆ ಮುಳ್ಳು ನಿಲ್ಲುತ್ತದೆ, ಕ್ಯಾಮೆರಾ ನಿಲ್ಲುವುದಿಲ್ಲ. ಮೀಟರ್ ಆರಿಸುವ ಸ್ವಿಚ್ ಇದರಲ್ಲಿಲ್ಲವಾದ್ದರಿಂದ ಕೆಲಸ ಮುಗಿದ ಕೂಡಲೇ ಲೆನ್ಸಿಗೆ ಮುಚ್ಚಳ ಹಾಕುವ ಅಭ್ಯಾಸ ಮಾಡಿಸಿ. ಇಲ್ಲವಾದರೆ ಒಳಗಿನ ಸಣ್ಣ ಎಲ್‌ಆರ್44 ಸೆಲ್ ಸುಮ್ಮನೆ ಸವೆಯುತ್ತದೆ. ಇದರ ಜೊತೆಗೆ ಸಾಮಾನ್ಯವಾಗಿ ಬರುವ 50 ಎಂಎಂ ಎಫ್/2 ಲೆನ್ಸ್ ಕಲಿಯುವವರಿಗೆ ಧಾರಾಳವಾಗಿ ಸಾಕು. ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅಪರ್ಚರ್ ದೊಡ್ಡದು, ಒಳಗೆ ಬರುವ ಬೆಳಕು ಹೆಚ್ಚು.

ನಿಕಾನ್ ಎಫ್‌ಎಂ10, 1995ರಲ್ಲಿ ಬಂದದ್ದು. ನಿಕಾನ್ ಹೆಸರಿನಲ್ಲಿ ಅದನ್ನು ತಯಾರಿಸಿದ್ದು ಕೊಸಿನಾ ಕಂಪನಿ. ಮೈ ಪ್ಲಾಸ್ಟಿಕ್ಕಿನದು, ಹಗುರ. ಕೆ1000ದಷ್ಟು ಗಟ್ಟಿಮುಟ್ಟಲ್ಲ. ಆದರೆ ನಮ್ಮಲ್ಲಿ ಹೊಸದಾಗಿಯೇ ಮಾರಾಟವಾಗುತ್ತಿದ್ದುದರಿಂದ ಹೆಚ್ಚು ಸವೆಯದ, ಒಬ್ಬರೇ ಬಳಸಿದ ಪ್ರತಿಗಳು ಇನ್ನೂ ಸಿಗುತ್ತವೆ. ಶಟರ್ 1/2000ದವರೆಗೆ ಹೋಗುತ್ತದೆ. ಜೊತೆಗೆ ಬರುವ 35-70 ಎಂಎಂ ಜೂಮ್ ಲೆನ್ಸಿನಲ್ಲಿ ಬೆಳಕು ಕಡಿಮೆ, ಸಾಧ್ಯವಾದರೆ 50 ಎಂಎಂ ಎಫ್/1.8 ಲೆನ್ಸನ್ನು ಸೇರಿಸಿಕೊಳ್ಳಿ. ಇಲ್ಲಿ ಒಂದು ವಿಷಯ ಗಮನದಲ್ಲಿರಲಿ: ಅಪರ್ಚರ್ ಉಂಗುರವೇ ಇಲ್ಲದ ಹೊಸ ಜಿ ಸರಣಿಯ ನಿಕಾನ್ ಲೆನ್ಸುಗಳು ಇದರ ಮೇಲೆ ಕೂರುತ್ತವೆಯಾದರೂ ಅಪರ್ಚರ್ ನಮ್ಮ ಹಿಡಿತಕ್ಕೆ ಬರುವುದಿಲ್ಲ. ಮನೆಯಲ್ಲಿ ಯಾರದೋ ಡಿಜಿಟಲ್ ನಿಕಾನ್ ಇದೆ, ಅದರ ಲೆನ್ಸನ್ನೇ ಹಾಕಿಕೊಂಡರಾಯಿತು ಎಂದುಕೊಂಡು ಮೋಸಹೋಗಬೇಡಿ.

ಉಳಿದವುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ನಿಕಾನ್ ಎಫ್‌ಎಂ2 ಇವೆಲ್ಲಕ್ಕಿಂತ ಶ್ರೇಷ್ಠ, ಆದರೆ ನಿಮ್ಮ ಮೊತ್ತ ಅದಕ್ಕೇ ಸರಿಹೋಗಿ ಫಿಲ್ಮಿಗೆ ಏನೂ ಉಳಿಯುವುದಿಲ್ಲ. ಒಲಿಂಪಸ್ ಒಎಂ-1 ಪುಟ್ಟದು, ಚೆಲುವಾದದ್ದು, ಆದರೆ ಅದರ ಮೀಟರಿಗೆ ಬೇಕಾದ 1.35 ವೋಲ್ಟಿನ ಪಾದರಸದ ಸೆಲ್ ಈಗ ತಯಾರಾಗುವುದಿಲ್ಲ. ಬದಲಿ ಉಪಾಯಗಳುಂಟು, ಹೊಸಬರಿಗೆ ಆ ರಗಳೆ ಬೇಡ. ರಷ್ಯಾದ ಜೆನಿಟ್ ಕೆಲವರ ಮನೆಯ ಅಟ್ಟದಲ್ಲಿ ಇನ್ನೂ ಇರುತ್ತದೆ. ಅದರ ಶಟರ್ ಹೆಚ್ಚಿನ ಮಾಡೆಲ್‌ಗಳಲ್ಲಿ 1/30ರಿಂದ 1/500ರವರೆಗೆ ಮಾತ್ರ, ವ್ಯೂಫೈಂಡರ್ ಮಂಕು, ಆದರೂ ಪುಕ್ಕಟೆಯಾಗಿ ಸುಸ್ಥಿತಿಯಲ್ಲಿ ಸಿಕ್ಕರೆ ಬೇಡವೆನ್ನಬೇಡಿ. ಸ್ಟುಡಿಯೊಗಳಲ್ಲಿ ನಾವು ನೋಡಿದ್ದ ಎರಡು ಕಣ್ಣಿನ ಯಾಶಿಕಾ ಮ್ಯಾಟ್‌ನಂಥವು 120 ಫಿಲ್ಮಿನಲ್ಲಿ 12 ಚಿತ್ರ ಮಾತ್ರ ಕೊಡುತ್ತವೆ, ಕಲಿಯುವಾಗ ಆ ಖರ್ಚು ತಾಳಲಾರದು. ಈಚೆಗೆ ಬಂದಿರುವ ಅರ್ಧ ಫ್ರೇಮಿನ ಕೊಡಾಕ್ ಎಕ್ಟಾರ್ ಎಚ್35 ಒಂದು ರೋಲಿನಲ್ಲಿ 72 ಚಿತ್ರ ತೆಗೆಯುತ್ತದೆ ನಿಜ, ಆದರೆ ಅದರಲ್ಲಿಯೂ ಫೋಕಸ್, ಶಟರ್, ಅಪರ್ಚರ್ ಎಲ್ಲವೂ ಸ್ಥಿರ, ಅಂದರೆ ಎಂಎಫ್-2ರ ಮಿತಿಯೇ ಅಲ್ಲಿಯೂ ಇದೆ.

ನಿಮ್ಮ ಸಂಬಂಧಿಕರಲ್ಲಿ ಯಾರಾದರೂ ಕ್ಯಾನನ್ ಡಿಎಸ್‌ಎಲ್‌ಆರ್ ಬಳಸುವವರಿದ್ದು, ಅವರ ಬಳಿ 50 ಎಂಎಂ ಎಫ್/1.8ರಂಥ ಇಎಫ್ ಲೆನ್ಸ್ ಇದ್ದರೆ, ಇನ್ನೊಂದು ದಾರಿಯೂ ಇದೆ. ಇಒಎಸ್ 300ರಂಥ ಕೊನೆಗಾಲದ ಫಿಲ್ಮ್ ಬಾಡಿಗಳು (ಲೆನ್ಸ್ ಇಲ್ಲದ ಕ್ಯಾಮೆರಾಗಳು) ಬಹಳ ಅಗ್ಗ, ಅವುಗಳನ್ನು ಪೂರ್ತಿ ಮ್ಯಾನುಯಲ್ ಆಗಿಯೂ ನಡೆಸಬಹುದು, ಆ ಲೆನ್ಸ್ ನೇರವಾಗಿ ಹೊಂದುತ್ತದೆ. ಇಎಫ್-ಎಸ್ ಎಂದು ಬರೆದಿರುವ ಲೆನ್ಸುಗಳು ಮಾತ್ರ ಹೊಂದುವುದಿಲ್ಲ. ಆ ಕ್ಯಾಮೆರಾಕ್ಕೆ ಎರಡು ಸಿಆರ್2 ಬ್ಯಾಟರಿ ಬೇಕು, ಒಳಗಿನ ಎಲೆಕ್ಟ್ರಾನಿಕ್ಸ್ ಕೆಟ್ಟರೆ ದುರಸ್ತಿಯ ಆಸೆ ಬಿಡಬೇಕು. ಹಣ ತೀರಾ ಕಡಿಮೆಯಿರುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಈಗ ಕೊಳ್ಳುವಾಗಿನ ಪರೀಕ್ಷೆ. ಇದಕ್ಕೆ ಅರ್ಧ ಗಂಟೆ ಕೊಡಿ, ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮಾರುವವರು ಅವಸರ ಮಾಡಿದರೆ ಅಲ್ಲಿ ಕೊಳ್ಳಬೇಡಿ. ಮೊದಲು ಬ್ಯಾಟರಿಯ ಗೂಡನ್ನು ತೆರೆದು ನೋಡಿ. ಹಸಿರು ಅಥವಾ ಬಿಳಿ ಉಪ್ಪು ಕಟ್ಟಿದ್ದರೆ ಹಳೆಯ ಸೆಲ್ ಸೋರಿದೆ ಎಂದರ್ಥ. ತೆಳುವಾಗಿದ್ದರೆ ಉಜ್ಜಿ ತೆಗೆಯಬಹುದು, ಒಳಗಿನ ತಂತಿಯವರೆಗೆ ಹೋಗಿದ್ದರೆ ಮೀಟರ್ ಹೋದಂತೆಯೇ. ಆಮೇಲೆ ಫಿಲ್ಮ್ ಇಲ್ಲವೆಂದು ಖಚಿತಪಡಿಸಿಕೊಂಡು ಹಿಂದಿನ ಬಾಗಿಲು ತೆರೆಯಿರಿ. ಬಾಗಿಲಿನ ಅಂಚಿನ ತೋಡಿನಲ್ಲಿರುವ ಕಪ್ಪು ಸ್ಪಂಜನ್ನು ಬೆರಳಿನಿಂದ ಮುಟ್ಟಿದಾಗ ಟಾರಿನಂತೆ ಅಂಟಿದರೆ ಅದು ಕರಗಿದೆ, ಬೆಳಕು ಸೋರುತ್ತದೆ. ಇದಕ್ಕೆ ಹೆದರಬೇಕಾಗಿಲ್ಲ, ಹೊಸ ಸ್ಪಂಜು ಅಂಟಿಸುವುದು ಅಗ್ಗದ ಕೆಲಸ, ಬೆಲೆ ಇಳಿಸಿಕೊಳ್ಳಲು ಕಾರಣವಾಗುತ್ತದೆ.

ಬಾಗಿಲು ತೆರೆದಿರುವಂತೆಯೇ ಶಟರ್ ಪರೀಕ್ಷಿಸಿ. ಒಂದು ಸೆಕೆಂಡಿಗೆ ಇಟ್ಟು ಕ್ಲಿಕ್ ಮಾಡಿದಾಗ ಶಟರಿನ ತೆರೆ, ಅಂದರೆ ಪರದೆ, ತೆರೆದು ಮುಚ್ಚುವ ನಡುವೆ ನಿಜವಾಗಿಯೂ ಒಂದು ಸೆಕೆಂಡ್ ಇರಬೇಕು, ನಡುವೆ ತಡವರಿಸಬಾರದು. ಅರ್ಧ, ಕಾಲು, ಎಂಟನೇ ಒಂದು ಎಂದು ಇಳಿಸುತ್ತ ಹೋದಂತೆ ಪ್ರತಿ ಬಾರಿಯೂ ಸದ್ದು ಗಿಡ್ಡವಾಗುತ್ತ ಬರಬೇಕು. ಬಹುಕಾಲ ಬೀರುವಿನಲ್ಲಿ ಮಲಗಿದ್ದ ಕ್ಯಾಮೆರಾಗಳಲ್ಲಿ ಎಣ್ಣೆ ಗಟ್ಟಿಯಾಗಿ ಮೊದಲು ಕೈಕೊಡುವುದು ಈ ನಿಧಾನದ ವೇಗಗಳೇ. ನಂತರ ಲೆನ್ಸನ್ನು ತೆಗೆದು, ಕ್ಯಾಮೆರಾವನ್ನು ಬೆಳಕಿರುವ ಕಿಟಕಿಯತ್ತ ಹಿಡಿದು, ಹಿಂದಿನಿಂದ ನೋಡುತ್ತ 1/1000ಕ್ಕೆ ಇಟ್ಟು ಕ್ಲಿಕ್ ಮಾಡಿ. ಮಿಂಚಿದ ಬೆಳಕು ಚೌಕದ ತುಂಬ ಒಂದೇ ಸಮನಾಗಿ ಕಾಣಬೇಕು. ಒಂದು ಬದಿ ಕತ್ತಲಾಗಿ ಉಳಿದರೆ ಎರಡು ತೆರೆಗಳು ಒಂದೇ ವೇಗದಲ್ಲಿ ಓಡುತ್ತಿಲ್ಲ. ಬಿಸಿಲಿನಲ್ಲಿ ತೆಗೆದ ಪ್ರತಿ ಚಿತ್ರದ ಅಂಚಿನಲ್ಲಿಯೂ ಆ ಕಪ್ಪು ಪಟ್ಟಿ ಬರುತ್ತದೆ. ತೆರೆಯನ್ನು ಬೆರಳಿನಿಂದ ಮುಟ್ಟದಿರಿ. ಮೀಟರನ್ನು ಪರೀಕ್ಷಿಸಲು ಮೊಬೈಲಿನಲ್ಲಿ ಬೆಳಕಿನ ಮೀಟರಿನ ಆ್ಯಪ್ ಹಾಕಿಕೊಂಡು, ಒಂದೇ ಗೋಡೆಯನ್ನು ಎರಡರಿಂದಲೂ ಅಳೆದು ನೋಡಿ. ಒಂದು ಸ್ಟಾಪಿನೊಳಗಿನ (ಬೆಳಕು ಇಮ್ಮಡಿ ಅಥವಾ ಅರ್ಧ ಆಗುವಷ್ಟರೊಳಗಿನ) ವ್ಯತ್ಯಾಸ ನಡೆಯುತ್ತದೆ.

ಲೆನ್ಸಿನ ಪರೀಕ್ಷೆ ನಿಮ್ಮ ಊರಿನವರಿಗೆ ಇನ್ನೂ ಮುಖ್ಯ. ಅಪರ್ಚರನ್ನು ಪೂರ್ತಿ ತೆರೆದು, ಹಿಂದಿನಿಂದ ಮೊಬೈಲಿನ ಟಾರ್ಚನ್ನು ಸ್ವಲ್ಪ ಓರೆಯಾಗಿ ಬಿಟ್ಟು, ಮುಂದಿನಿಂದ ಇಣುಕಿ. ಅಲ್ಲೊಂದು ಇಲ್ಲೊಂದು ಧೂಳಿನ ಕಣ ಇದ್ದರೆ ಚಿತ್ರಕ್ಕೆ ಏನೂ ಆಗುವುದಿಲ್ಲ. ಜೇಡರ ಬಲೆಯಂತೆ ಕವಲೊಡೆದ ಬಿಳಿಯ ಎಳೆಗಳು ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿಯ ಮನೆಗಳಿಂದ ಬಂದ ಲೆನ್ಸುಗಳಲ್ಲಿ ಇದು ಸರ್ವೇಸಾಮಾನ್ಯ. ಅಂಚಿನಲ್ಲಿ ಚೂರು ಇದ್ದರೆ ಶುಚಿ ಮಾಡಿಸಬಹುದು, ನಡುವೆ ಹರಡಿದ್ದು ಗಾಜಿನ ಲೇಪವನ್ನೇ ತಿಂದಿರುತ್ತದೆ, ಅದು ಬೇಡ. ಅಪರ್ಚರಿನ ಎಲೆಗಳ ಮೇಲೆ ಎಣ್ಣೆಯ ಹೊಳಪು ಇರಬಾರದು, ಲೆನ್ಸಿನ ಹಿಂಬದಿಯ ಸಣ್ಣ ಸನ್ನೆಯನ್ನು (ಲಿವರ್) ತಳ್ಳಿ ಬಿಟ್ಟಾಗ ಎಲೆಗಳು ತಟ್ಟನೆ ಹಿಂದಿರುಗಬೇಕು. ವ್ಯೂಫೈಂಡರಿನಲ್ಲಿ ಕಾಣುವ ಧೂಳಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅದು ಫಿಲ್ಮಿಗೆ ಬೀಳುವುದಿಲ್ಲ. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಫಿಲ್ಮ್ ಹಾಕಿ ಪರೀಕ್ಷಿಸಿದ್ದೇವೆ ಎಂಬ ಮಾತನ್ನಷ್ಟೇ ನಂಬದೆ, ಆ ರೋಲಿನ ಸ್ಕ್ಯಾನುಗಳನ್ನು ಕೇಳಿ, ಹಿಂದಿರುಗಿಸುವ ಗಡುವಿನೊಳಗೆ ನೀವೇ ಒಂದು ರೋಲು ಓಡಿಸಿ ನೋಡಿ.

ಮೊದಲ ರೋಲು ಹಾಕುವಾಗ ಮಗಳ ಪಕ್ಕದಲ್ಲಿ ಕೂತಿರಿ. ಹೊಸಬರ ಮೊದಲ ರೋಲು ಖಾಲಿಯಾಗಿ ಬರುವುದಕ್ಕೆ ಹೆಚ್ಚಿನ ವೇಳೆ ಕಾರಣ ಒಂದೇ: ಫಿಲ್ಮಿನ ತುದಿ ಸುತ್ತುವ ಉರುಳೆಗೆ ಸಿಕ್ಕಿಕೊಂಡಿರುವುದಿಲ್ಲ, ಒಳಗೆ ಏನೂ ಸರಿಯದೆ 36 ಬಾರಿ ಕ್ಲಿಕ್ ಆಗಿರುತ್ತದೆ. ತುದಿಯನ್ನು ಉರುಳೆಯ ಸೀಳಿಗೆ ತೂರಿಸಿ, ಫಿಲ್ಮ್ ಸರಿಸುವ ಸನ್ನೆಯನ್ನು ಎಳೆದು, ಫಿಲ್ಮಿನ ಎರಡೂ ಅಂಚಿನ ತೂತುಗಳು ಹಲ್ಲುಗಳ ಮೇಲೆ ಕೂತಿರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಬಾಗಿಲು ಮುಚ್ಚಬೇಕು. ಮುಚ್ಚಿದ ಬಳಿಕ ಎಡಗಡೆಯ ರಿವೈಂಡ್ ಗುಂಡಿಯನ್ನು ಬಾಣದ ದಿಕ್ಕಿನಲ್ಲಿ ಮೆಲ್ಲಗೆ ತಿರುಗಿಸಿ ಸಡಿಲ ತೆಗೆದು, ಇನ್ನೊಮ್ಮೆ ಸನ್ನೆ ಎಳೆದಾಗ ಆ ಗುಂಡಿ ತಾನಾಗಿ ಹಿಮ್ಮುಖವಾಗಿ ತಿರುಗಬೇಕು. ತಿರುಗಿದರೆ ಫಿಲ್ಮ್ ಸರಿಯುತ್ತಿದೆ. ರೋಲು ಮುಗಿದಾಗ ಸನ್ನೆ ಬಿಗಿಯಾಗುತ್ತದೆ. ಆಗ ಬಲವಂತ ಮಾಡದೆ, ತಳದಲ್ಲಿರುವ ಪುಟ್ಟ ಗುಂಡಿಯನ್ನು ಒತ್ತಿ, ಫಿಲ್ಮನ್ನು ಪೂರ್ತಿ ಡಬ್ಬಿಯೊಳಗೆ ಸುತ್ತಿದ ಮೇಲಷ್ಟೇ ಬಾಗಿಲು ತೆರೆಯಬೇಕು. ಕೆ1000ದಲ್ಲಿ ಫಿಲ್ಮಿನ ವೇಗವನ್ನು (ಅದು ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಸಂಖ್ಯೆಯನ್ನು) ಹೊಂದಿಸಲು ಶಟರ್ ಗುಂಡಿಯ ಹೊರ ಉಂಗುರವನ್ನು ಮೇಲೆತ್ತಿ ತಿರುಗಿಸಬೇಕು. ಅದರ ಮೇಲೆ ಎಎಸ್ಎ ಎಂದಿರುತ್ತದೆ, ಇಂದಿನ ಐಎಸ್ಒ ಸಂಖ್ಯೆಯೂ ಅದೇ.

ಯಾವ ಫಿಲ್ಮ್? ಕಲರ್‌ಗೆ ಕೊಡಾಕ್ ಕಲರ್‌ಪ್ಲಸ್ 200 ಅಥವಾ ಗೋಲ್ಡ್ 200, ಮಳೆಗಾಲದ ಮಂಕು ಬೆಳಕಿಗೆ 400ರದು. ಅವಧಿ ಮೀರಿದ ಅಗ್ಗದ ರೋಲುಗಳನ್ನು ಕಲಿಯುವಾಗ ತರಬೇಡಿ, ತಪ್ಪು ತನ್ನದೋ ಫಿಲ್ಮಿನದೋ ಎಂದು ಅವಳಿಗೆ ತಿಳಿಯುವುದಿಲ್ಲ. ಸಿನಿಮಾ ಫಿಲ್ಮನ್ನು ಕತ್ತರಿಸಿ ಸುತ್ತಿ ಮಾರುವ ರೋಲುಗಳೂ ಇವೆ. ಅವಕ್ಕೆ ಬೇರೆಯೇ ಸಂಸ್ಕರಣೆ ಬೇಕಾದ್ದರಿಂದ ಲ್ಯಾಬಿನವರನ್ನು ಕೇಳದೆ ಕೊಳ್ಳಬಾರದು. ಕಲರ್ ನೆಗೆಟಿವ್ ಫಿಲ್ಮ್ ಹೆಚ್ಚು ಬೆಳಕನ್ನು ಸಹಿಸುತ್ತದೆ, ಕಡಿಮೆ ಬೆಳಕನ್ನು ಸಹಿಸುವುದಿಲ್ಲ. ಆದ್ದರಿಂದ ಸಂದೇಹ ಬಂದಾಗ ಒಂದು ಸ್ಟಾಪ್ ಹೆಚ್ಚು ಕೊಡುವುದು ಕ್ಷೇಮ. ಕಣ್ಣು ಕುಕ್ಕುವ ಬಿಸಿಲಿನಲ್ಲಿ ಎಫ್/16 ಇಟ್ಟು, ಶಟರ್ ವೇಗವನ್ನು ಫಿಲ್ಮಿನ ಐಎಸ್ಒಗೆ ಹತ್ತಿರದ ಸಂಖ್ಯೆಗೆ, ಅಂದರೆ 200ರ ಫಿಲ್ಮಿಗೆ 1/250ಕ್ಕೆ ಇಡುವ ಹಳೆಯ ಲೆಕ್ಕವನ್ನು ಅವಳು ಬಾಯಿಪಾಠ ಮಾಡಲಿ. ಮೋಡ ಮುಚ್ಚಿದರೆ ಎಫ್/8, ದಟ್ಟ ಮೋಡಕ್ಕೆ ಎಫ್/5.6. ಮೀಟರ್ ಕೈಕೊಟ್ಟ ದಿನ ಇದು ಕಾಯುತ್ತದೆ. 50 ಎಂಎಂ ಲೆನ್ಸನ್ನು ಕೈಯಲ್ಲಿ ಹಿಡಿದು ತೆಗೆಯುವಾಗ 1/60ಕ್ಕಿಂತ ಕೆಳಗಿಳಿಯದಿದ್ದರೆ ಅಲುಗಾಟ ಕಾಣುವುದಿಲ್ಲ.

ಒಂದು ಚಿಕ್ಕ ನೋಟ್‌ಬುಕ್ಕನ್ನು ಕ್ಯಾಮೆರಾದ ಜೊತೆಗೇ ಕೊಡಿಸಿ. ಇಂಥ ಕ್ಯಾಮೆರಾದಲ್ಲಿ ತೆಗೆದ ಫಿಲ್ಮಿನ ಮೇಲೆ ಯಾವ ವಿವರವೂ ದಾಖಲಾಗುವುದಿಲ್ಲ. ಚಿತ್ರದ ಸಂಖ್ಯೆ, ಅಪರ್ಚರ್, ಶಟರ್ ವೇಗ, ಬೆಳಕು ಹೇಗಿತ್ತು, ಇಷ್ಟನ್ನು ಆ ಕ್ಷಣವೇ ಬರೆದುಕೊಂಡರೆ, ರೋಲು ತೊಳೆದು ಬಂದ ದಿನ ನೆಗೆಟಿವ್ ಪಕ್ಕದಲ್ಲಿ ಇಟ್ಟುಕೊಂಡು ಓದಬಹುದು. ಮೊಬೈಲಿನಲ್ಲಿ ಸಾವಿರ ಚಿತ್ರ ತೆಗೆದೂ ಹಿಡಿತಕ್ಕೆ ಬಾರದ ಸಂಗತಿಗಳು ಹೀಗೆ ಕೂತು ನೋಡಿದ ಎರಡು ಮೂರು ರೋಲುಗಳಲ್ಲಿ ತಿಳಿಯಾಗುತ್ತವೆ. ಊರಿನಲ್ಲಿ ತೊಳೆಯುವವರು ಸಿಗದಿದ್ದರೆ ಬೆಂಗಳೂರಿನ ಲ್ಯಾಬುಗಳಿಗೆ ಕೊರಿಯರ್ ಮಾಡಬಹುದು. ನೆಗೆಟಿವ್ ವಾಪಸ್ ಬೇಕು ಎಂದು ಕೊಡುವಾಗಲೇ ಸ್ಪಷ್ಟವಾಗಿ ಬರೆಸಿ. ಸ್ಕ್ಯಾನ್ ಸಿಕ್ಕಿತಲ್ಲ ಎಂದು ನೆಗೆಟಿವ್ ಬಿಟ್ಟುಬರುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಮೂಲ ಅದೇ. ನಾಳೆ ಇನ್ನೂ ಒಳ್ಳೆಯ ಸ್ಕ್ಯಾನ್ ಮಾಡಿಸಲು, ಪ್ರಿಂಟ್ ಹಾಕಿಸಲು ಅದು ಬೇಕೇ ಬೇಕು.

ಮೂರು ನಾಲ್ಕು ರೋಲುಗಳ ನಂತರವೂ ಆಸಕ್ತಿ ಉಳಿದಿದ್ದರೆ ಕಪ್ಪು-ಬಿಳುಪಿಗೆ ಹೋಗಲಿ. ಕೆಂಟ್‌ಮಿಯರ್ 400 ಅಗ್ಗವಾದದ್ದು, ಇಲ್ಫೋರ್ಡ್ ಎಚ್‌ಪಿ5 ಅದಕ್ಕಿಂತ ಮೇಲು. ಕಪ್ಪು-ಬಿಳುಪನ್ನು ಮನೆಯಲ್ಲಿಯೇ ತೊಳೆಯಬಹುದೆಂಬುದು ದೊಡ್ಡ ಲಾಭ. ಫಿಲ್ಮನ್ನು ತೊಳೆಯುವ ಟ್ಯಾಂಕಿಗೆ ಸುತ್ತಲು ಕತ್ತಲೆ ಚೀಲವೊಂದಿದ್ದರೆ ಡಾರ್ಕ್‌ರೂಮ್ ಬೇಕಿಲ್ಲ. ನೀರು ಬೆರೆಸದ ಡಿ-76 ಡೆವಲಪರಿನಲ್ಲಿ (ಚಿತ್ರ ಮೂಡಿಸುವ ದ್ರಾವಣದಲ್ಲಿ) ಎಚ್‌ಪಿ5ಗೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ ಹಿಡಿಯುತ್ತದೆ. ನಮ್ಮ ಬೇಸಿಗೆಯ ನಲ್ಲಿ ನೀರು 28, 30 ಡಿಗ್ರಿಗೆ ಬಂದಿರುತ್ತದೆ, ಆಗ ಅಷ್ಟೇ ಹೊತ್ತು ಬಿಟ್ಟರೆ ನೆಗೆಟಿವ್ ದಟ್ಟವಾಗಿ ಹಾಳಾಗುತ್ತದೆ. ಐಸ್ ಹಾಕಿದ ಬೇಸಿನ್ನಿನಲ್ಲಿ ಬಾಟಲಿಯನ್ನು ಇಟ್ಟು ಥರ್ಮಾಮೀಟರಿನಲ್ಲಿ ನೋಡಿಯೇ ಕೆಲಸ ಶುರುಮಾಡಬೇಕು. ಅಡುಗೆಮನೆಯ ಪಾತ್ರೆ, ಲೋಟಗಳನ್ನು ಇದಕ್ಕೆ ಬಳಸಕೂಡದು, ಕೈಗವಸು ಇರಲಿ, ಮೊದಮೊದಲು ದೊಡ್ಡವರೊಬ್ಬರು ಜೊತೆಗಿರಲಿ. ಬಳಸಿದ ಫಿಕ್ಸರಿನಲ್ಲಿ (ಮೂಡಿದ ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣದಲ್ಲಿ) ಫಿಲ್ಮಿನಿಂದ ಕರಗಿದ ಬೆಳ್ಳಿ ಇರುತ್ತದೆ. ಅದನ್ನು ಬಾವಿಯ ಹತ್ತಿರ, ತೋಟದಲ್ಲಿ ಚೆಲ್ಲದೆ ಡಬ್ಬಿಯಲ್ಲಿ ಕೂಡಿಸಿಟ್ಟು, ಬೆಳ್ಳಿ ತೆಗೆಯುವ ವ್ಯವಸ್ಥೆಯಿರುವ ಲ್ಯಾಬಿಗೆ ಕೊಡುವುದು ಸರಿಯಾದ ಕ್ರಮ.

ಕಲಿಸುವವರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥ ವನ್ಯಜೀವಿ ಛಾಯಾಗ್ರಾಹಕರು ಫಿಲ್ಮಿನಲ್ಲಿಯೇ ದೊಡ್ಡ ಕೆಲಸ ಮಾಡಿದ ನಾಡು ನಮ್ಮದು. ಅವರ ಕಾಲದಲ್ಲಿ ಕಲಿತು, ರೋಲು ತೊಳೆದು, ಪ್ರಿಂಟ್ ಹಾಕಿ ಕೈ ಪಳಗಿಸಿಕೊಂಡ ಹಿರಿಯರು ಇನ್ನೂ ಊರೂರಿನಲ್ಲಿದ್ದಾರೆ. ಬೆಂಗಳೂರಿನಲ್ಲಿ 1971ರಲ್ಲಿ ಆರಂಭವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಸಂಘಗಳಿವೆ. ನಿಮ್ಮ ಊರಿನ ಹಳೆಯ ಸ್ಟುಡಿಯೊಗಳಲ್ಲಿ ವಿಚಾರಿಸಿದರೆ ಶಟರ್ ಸದ್ದು ಕೇಳಿಯೇ ಕಾಯಿಲೆ ಹೇಳುವವರು ಒಬ್ಬರಾದರೂ ಸಿಕ್ಕಾರು. ಕೊಳ್ಳುವ ದಿನ ಅವರನ್ನು ಜೊತೆಗೆ ಕರೆದೊಯ್ದರೆ ಮೇಲೆ ಹೇಳಿದ ಪರೀಕ್ಷೆಗಳೆಲ್ಲ ಸುಲಭವಾಗುತ್ತವೆ.

ಕೊನೆಯದಾಗಿ ಶಿವಮೊಗ್ಗದ ಮಳೆಗಾಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಕ್ಯಾಮೆರಾವನ್ನು ಅದರ ಚರ್ಮದ ಚೀಲದಲ್ಲಿ ಇಡಬೇಡಿ. ಚರ್ಮ ತೇವವನ್ನು ಹಿಡಿದಿಟ್ಟು ಬೂಷ್ಟಿಗೆ ನೆಲೆಯಾಗುತ್ತದೆ. ರಬ್ಬರ್ ಪಟ್ಟಿಯಿರುವ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಜೊತೆಗಿಡಿ, ಅದರ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಿ. ವಾರಕ್ಕೊಮ್ಮೆ ಹೊರಗೆ ತೆಗೆದು, ಫಿಲ್ಮ್ ಇಲ್ಲದಿದ್ದರೆ ಎಲ್ಲ ವೇಗಗಳಲ್ಲಿಯೂ ಶಟರ್ ಓಡಿಸಿ, ಲೆನ್ಸನ್ನು ಸ್ವಲ್ಪ ಹೊತ್ತು ಬೆಳಕಿನಲ್ಲಿಡಿ. ಬಳಸದ ರೋಲುಗಳು ಫ್ರಿಜ್ಜಿನಲ್ಲಿರಲಿ, ಆದರೆ ತೆಗೆದ ಕೂಡಲೇ ಡಬ್ಬಿ ಬಿಚ್ಚದೆ ಒಂದೆರಡು ಗಂಟೆ ಹೊರಗಿಟ್ಟು, ತಣುಪು ಆರಿದ ಮೇಲೆ ಕ್ಯಾಮೆರಾಕ್ಕೆ ಹಾಕಿ. ಇಲ್ಲದಿದ್ದರೆ ಫಿಲ್ಮಿನ ಮೇಲೆ ನೀರಿನ ಹನಿ ಕಟ್ಟುತ್ತದೆ.